‘ಗುರುಗಳನ್ನು ಕರೆಸಿದರೆ ಅಪ್ಪನಿಗೆ ಗೊತ್ತಾಗಿಬಿಡುತ್ತದೆ’: ಕೊನೆಯ ದಿನಗಳ ಆತ್ಮಿಕ ಆರೈಕೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸೀಮೆಯ ಕಥೋಲಿಕ ಕುಟುಂಬ. 74 ವರ್ಷದ ನಮ್ಮ ತಂದೆಗೆ ಅನ್ನನಾಳದ ಕ್ಯಾನ್ಸರ್. ಗುಣಪಡಿಸುವ ಚಿಕಿತ್ಸೆ ಇನ್ನಿಲ್ಲವೆಂದು ವೈದ್ಯರು ಹೇಳಿ ಎರಡು ತಿಂಗಳಾಯಿತು. ಮನೆಯಲ್ಲೇ ಇದ್ದಾರೆ, ವಾರಕ್ಕೊಮ್ಮೆ ನೋವು ಕಡಿಮೆ ಮಾಡುವ ಉಪಶಮನ ಆರೈಕೆಯ ನರ್ಸ್ ಬಂದು ನೋಡುತ್ತಾರೆ, ಅಗತ್ಯಬಿದ್ದರೆ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಹಾಸ್ಪಿಸ್‌ಗೆ ಸೇರಿಸಬಹುದು ಎಂದಿದ್ದಾರೆ. ಅಪ್ಪ ಬಹಳ ವರ್ಷ ನಮ್ಮ ಚರ್ಚಿನ ವಾರ್ಡಿನ ಗುರ್ಕಾರ್, ಅಂದರೆ ಮುಖಂಡ, ಆಗಿದ್ದವರು, ಒಂದು ದಿನವೂ ಜಪಸರ ಬಿಟ್ಟವರಲ್ಲ. ಈಗ ‘ನನ್ನ ಮುಂದೆ ಪ್ರಾರ್ಥನೆ ಬೇಡ, ದೇವರು ನನಗೆ ಶಿಕ್ಷೆ ಕೊಡುತ್ತಿದ್ದಾನೆ’ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಗುರುಗಳನ್ನು ಕರೆಸಿ ಎಣ್ಣೆ ಹಚ್ಚಿಸಿದರೆ ಸಾಯುತ್ತೇನೆಂದು ಅವರಿಗೆ ಗೊತ್ತಾಗುತ್ತದೆ ಎಂಬುದು ಅಮ್ಮನ ಹೆದರಿಕೆ. ಸಾವಿನ ಮಾತೆತ್ತುವುದೇ ಅವಿಶ್ವಾಸ ಎಂದು ಅಣ್ಣನ ಪ್ರಾರ್ಥನಾ ಗುಂಪಿನವರು ಹೇಳುತ್ತಾರೆ. ನೋವು ಶಿಲುಬೆಯ ಪಾಲು, ನೋವಿನ ಔಷಧಿಯಾದ ಮಾರ್ಫಿನ್ ಕೊಟ್ಟರೆ ಪ್ರಜ್ಞೆ ಮಂಕಾಗುತ್ತದೆ ಎಂದು ಅಣ್ಣ ಅದನ್ನು ಕೊಡಲು ಬಿಡುತ್ತಿಲ್ಲ. ನರ್ಸ್ ನಮ್ಮ ಧರ್ಮದವರಲ್ಲ, ಆದರೆ ಅಪ್ಪ ಅವರ ಹತ್ತಿರ ಮಾತ್ರ ನಾಲ್ಕು ಮಾತಾಡುತ್ತಾರೆ. ತೋಟದ ಹಿಸ್ಸೆಯ ವಿಚಾರದಲ್ಲಿ ಚಿಕ್ಕಪ್ಪನಿಗೂ ಅಪ್ಪನಿಗೂ ಮಾತು ನಿಂತು ಹತ್ತೊಂಬತ್ತು ವರ್ಷವಾಯಿತು. ನಾನು ಏನು ಮಾಡಲಿ?

ಉತ್ತರ:

ಪ್ರಿಯ ಸಹೋದರಿ,

ನೀವು ಕೇಳಿರುವ ಸಂಗತಿಗಳು ಹಲವು, ಆದರೆ ಅವುಗಳ ಬೇರು ಒಂದೇ ಕಡೆ ಇದೆ: ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವನ್ನು ಯಾರೂ ಬಾಯಿಬಿಟ್ಟು ಆಡುವಂತಿಲ್ಲ. ಮಲೆನಾಡಿನ ಧರ್ಮಕೇಂದ್ರಗಳಲ್ಲಿ ಗುರುವಾಗಿಯೂ ಉಪಶಮನ ಆರೈಕೆಯ ತಂಡದೊಂದಿಗೆ ರೋಗಿಗಳ ಮನೆಗಳಿಗೆ ಹೋಗುವವನಾಗಿಯೂ ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬಿಕೆಯ ಹೆಸರಿನಲ್ಲಿ ಸಾವನ್ನು ಮುಚ್ಚಿಟ್ಟರೆ, ವಿಶ್ವಾಸಿಯೊಬ್ಬನು ತನ್ನ ಕೈಯಾರೆ ಮಾಡಿ ಮುಗಿಸಬೇಕಾದ ಕೊನೆಯ ಕೆಲಸಗಳನ್ನು ನಾವು ಅವನಿಂದ ಕಿತ್ತುಕೊಂಡಂತಾಗುತ್ತದೆ. ಪಾಪನಿವೇದನೆ ಮಾಡುವುದು, ಮುನಿದವರನ್ನು ಕರೆಸುವುದು, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವುದು, ಪರಮಪ್ರಸಾದವನ್ನು ದಾರಿಯ ಬುತ್ತಿಯಾಗಿ ಸ್ವೀಕರಿಸುವುದು, ಇವೆಲ್ಲ ಹೊರಡುತ್ತಿದ್ದೇನೆಂದು ತಿಳಿದವನು ಮಾಡುವ ಕೆಲಸಗಳು. ಹೊರಡುವುದೇ ಇಲ್ಲವೆಂದು ಮನೆಯವರೆಲ್ಲ ನಟಿಸುತ್ತಿದ್ದರೆ ಅವನು ಇವುಗಳನ್ನು ಯಾವಾಗ ಮಾಡಬೇಕು?

ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆಯ ಒಂದು ಮನೆಗೆ ಹೋಗಿದ್ದೆ. ಅಲ್ಲಿಯೂ ಅಡಿಕೆ ತೋಟ, ಅಲ್ಲಿಯೂ ಹಾಸಿಗೆ ಹಿಡಿದ ಯಜಮಾನರು. ನಾನು ಕುಳಿತಿದ್ದಾಗಲೇ ಅವರು ಮಗನನ್ನು ಕರೆದು, ‘ಈ ವರ್ಷ ತೋಟವನ್ನು ಚೇಣಿಗೆ ಕೊಟ್ಟುಬಿಡು, ಕೊಯ್ಲಿನ ತನಕ ಕಾಯಬೇಡ’ ಎಂದರು. ಒಮ್ಮೆಯೂ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡದೆ ಪ್ರತಿ ಕೊಯ್ಲಿಗೂ ತಾವೇ ಮುಂದೆ ನಿಂತಿದ್ದ ಮನುಷ್ಯ ಅವರು. ಮಗ ನಗುತ್ತಾ, ‘ಯಾಕಪ್ಪಾ ಚೇಣಿ, ದೀಪಾವಳಿಯ ಹೊತ್ತಿಗೆ ನೀವೇ ಎದ್ದು ಕೊಯ್ಲು ಮಾಡಿಸುತ್ತೀರಿ’ ಎಂದ. ತಂದೆ ಒಂದು ಗಳಿಗೆ ಮಗನ ಮುಖ ನೋಡಿ ಕಣ್ಣು ಮುಚ್ಚಿದರು. ಅವರು ಹೇಳಿದ್ದು ಅಡಿಕೆಯ ವಿಷಯವಲ್ಲ, ತಮ್ಮ ಸಾವಿನ ವಿಷಯ. ಮಗ ಪ್ರೀತಿಯಿಂದಲೇ ಆ ಬಾಗಿಲನ್ನು ಮುಚ್ಚಿದ. ನಮ್ಮ ಕಡೆಯ ಹಿರಿಯರು ಸಾವಿನ ಮಾತನ್ನು ನೇರವಾಗಿ ಆಡುವುದು ಕಡಿಮೆ. ಚೇಣಿಯ ಲೆಕ್ಕದಲ್ಲಿ, ಕೊಟ್ಟಿಗೆಯ ಹಸುವನ್ನು ಯಾರು ನೋಡಿಕೊಳ್ಳುತ್ತಾರೆಂಬ ಪ್ರಶ್ನೆಯಲ್ಲಿ, ಸೊಸೈಟಿಯ ಸಾಲದ ನೆನಪಿನಲ್ಲಿ ಅದನ್ನು ಆಡುತ್ತಾರೆ. ನಿಮ್ಮ ತಂದೆಯೂ ಇಂಥ ಮಾತುಗಳನ್ನು ಆಡಿರಬಹುದು. ನೆನಪು ಮಾಡಿಕೊಂಡು ನೋಡಿ.

ಹಾಗೆಂದ ಮಾತ್ರಕ್ಕೆ ನೀವೇ ಮಂಚದ ಬಳಿ ನಿಂತು ‘ಅಪ್ಪಾ, ನಿಮಗಿನ್ನು ಹೆಚ್ಚು ದಿನವಿಲ್ಲ’ ಎಂದು ಹೇಳಬೇಕೆಂದು ನಾನು ಹೇಳುತ್ತಿಲ್ಲ. ಸತ್ಯವನ್ನು ಹೇರಬಾರದು, ತಡೆಯಲೂಬಾರದು. ಅವರಿಗೆ ಎಷ್ಟು ಗೊತ್ತಿದೆ, ಎಷ್ಟು ತಿಳಿಯುವ ಮನಸ್ಸಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ‘ಅಪ್ಪಾ, ನಿಮ್ಮ ಕಾಯಿಲೆ ಹೇಗಿದೆ ಅಂತ ನಿಮಗೇ ಅನ್ನಿಸುತ್ತಿದೆ?’ ಎಂದು ಒಮ್ಮೆ ಕೇಳಿ, ಆಮೇಲೆ ಸುಮ್ಮನೆ ಕುಳಿತುಕೊಳ್ಳಿ. ಆ ಮೌನವನ್ನು ಸಹಿಸಿಕೊಳ್ಳುವುದೇ ಇದರಲ್ಲಿ ಅತ್ಯಂತ ಕಷ್ಟದ ಭಾಗ, ಏಕೆಂದರೆ ಅದನ್ನು ಏನಾದರೂ ಧೈರ್ಯದ ಮಾತಿನಿಂದ ತುಂಬಿಬಿಡಬೇಕೆಂದು ನಮ್ಮ ನಾಲಿಗೆ ಚಡಪಡಿಸುತ್ತದೆ. ಅವರು ಆ ದಿನ ಉತ್ತರಿಸದಿದ್ದರೆ ಬಿಡಿ. ಕೇಳಬಹುದಾದ ಮಗಳು ಒಬ್ಬಳಿದ್ದಾಳೆಂದು ಅವರಿಗೆ ತಿಳಿದಿರುತ್ತದೆ.

ನಿಮ್ಮ ಅಣ್ಣನ ಗುಂಪಿನವರ ಮಾತಿಗೆ ಬರುತ್ತೇನೆ. ಗುಣವಾಗಲೆಂದು ಬೇಡುವುದನ್ನು ಯಾವ ಗುರುವೂ ತಪ್ಪೆನ್ನಲಾರ, ನಾನೂ ಬೇಡುತ್ತೇನೆ. ಆದರೆ ಸಾವಿನ ಮಾತು ಅವಿಶ್ವಾಸ ಎಂಬುದು ಪವಿತ್ರ ಗ್ರಂಥದ ಮಾತಲ್ಲ. ಯೆಶಾಯನ ಗ್ರಂಥದ 38ನೆಯ ಅಧ್ಯಾಯವನ್ನು ಅವರೊಂದಿಗೆ ಕುಳಿತು ಓದಿ. ಹಿಜ್ಕೀಯ ರಾಜನಿಗೆ ಕಾಯಿಲೆಯಾದಾಗ ಪ್ರವಾದಿಯು ಬಂದು, ನೀನು ಬದುಕುವುದಿಲ್ಲ, ನಿನ್ನ ಮನೆಯ ವ್ಯವಸ್ಥೆ ಮಾಡಿಕೊ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾನೆ. ರಾಜನು ಗೋಡೆಯ ಕಡೆ ತಿರುಗಿಕೊಂಡು ಅತ್ತು ಪ್ರಾರ್ಥಿಸುತ್ತಾನೆ. ಅವನ ಆಯುಸ್ಸಿಗೆ ಹದಿನೈದು ವರ್ಷ ಸೇರುವುದು ಆಮೇಲಿನ ಕಥೆ. ಸತ್ಯ ಮೊದಲು ಬಂದಿತು. ಅದು ಪ್ರಾರ್ಥನೆಗೆ ಅಡ್ಡಿಯಾಗಲಿಲ್ಲ, ಪ್ರಾರ್ಥನೆಯನ್ನು ಹುಟ್ಟಿಸಿತು. ನಿಮ್ಮ ತಂದೆ ಗೋಡೆಯ ಕಡೆ ತಿರುಗುತ್ತಾರೆಂದು ಬರೆದಿದ್ದೀರಿ. ಅಲ್ಲಿ ಅವರೂ ದೇವರೊಂದಿಗೆ ಮಾತನಾಡುತ್ತಿಲ್ಲವೆಂದು ನಾವು ಹೇಗೆ ಹೇಳುವುದು? ಇನ್ನೊಂದು ಕಡೆ ಸಂತ ಪೌಲನು ತನ್ನ ದೇಹದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಅವನ ನಂಬಿಕೆ ಕಡಿಮೆಯಾಗಿತ್ತೆಂದು ಯಾರೂ ಹೇಳುವುದಿಲ್ಲ. ‘ನಂಬಿಕೆಯಿದ್ದರೆ ಗುಣವಾಗುತ್ತದೆ’ ಎಂಬ ಮಾತಿನ ಮರೆಯಲ್ಲಿ ‘ಗುಣವಾಗಲಿಲ್ಲವೆಂದರೆ ನಿನ್ನ ನಂಬಿಕೆಯಲ್ಲೇ ಕೊರತೆ’ ಎಂಬ ಇನ್ನೊಂದು ಮಾತು ಅಡಗಿದೆ. ನುಂಗಲಾರದೆ, ಮಲಗಲಾರದೆ ಇರುವ ಮನುಷ್ಯನ ಎದೆಯ ಮೇಲೆ ಆ ಭಾರವನ್ನು ಹೇರುವುದು ಕ್ರೌರ್ಯವೆಂದೇ ನಾನು ಭಾವಿಸುತ್ತೇನೆ, ಹೇರುವವರ ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಇನ್ನು ಅಮ್ಮನ ಹೆದರಿಕೆ. ಅದಕ್ಕೆ ಕಾರಣವಿದೆ, ಅವರನ್ನು ದೂರಬೇಡಿ. ಗುರುಗಳು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಈ ಸಂಸ್ಕಾರವನ್ನು ಶತಮಾನಗಳ ಕಾಲ ಅಂತ್ಯಾಭ್ಯಂಗವೆಂದೇ ಕರೆಯುತ್ತಿದ್ದರು, ಉಸಿರು ಹೋಗುವ ಹೊತ್ತಿಗೇ ಕೊಡುತ್ತಿದ್ದರು. ಗುರುಗಳು ಎಣ್ಣೆಯ ಭರಣಿ ಹಿಡಿದು ಅಂಗಳಕ್ಕೆ ಕಾಲಿಟ್ಟರೆಂದರೆ ಹೆಂಗಸರು ಅಳಲು ಆರಂಭಿಸುತ್ತಿದ್ದ ಕಾಲವನ್ನು ಅಮ್ಮ ಬಾಲ್ಯದಲ್ಲಿ ಕಂಡಿರಬಹುದು. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಈ ಹೆಸರನ್ನೂ ತಿಳಿವಳಿಕೆಯನ್ನೂ ತಿದ್ದಿತು. ಇದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಹೆಚ್ಚು ಸರಿ, ಇದು ಸಾವಿನ ಅಂಚಿಗೆ ಬಂದವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ ಎಂದು ಸ್ಪಷ್ಟಪಡಿಸಿತು. 1972ರಲ್ಲಿ ಆರನೆಯ ಪೌಲ್ ಪೋಪರು ಹೊಸ ಕ್ರಮವನ್ನು ಜಾರಿಗೆ ತಂದರು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಆರಂಭವಾದಾಗಲೇ ಇದನ್ನು ಪಡೆಯಬಹುದು. ಸ್ಥಿತಿ ಇನ್ನಷ್ಟು ಹದಗೆಟ್ಟರೆ ಮತ್ತೊಮ್ಮೆಯೂ ಪಡೆಯಬಹುದು. ಇದರ ಮೂಲ ಯಕೋಬನ ಪತ್ರದ 5ನೆಯ ಅಧ್ಯಾಯದಲ್ಲಿದೆ. ನಿಮ್ಮಲ್ಲಿ ಯಾವನಾದರೂ ರೋಗಿಯಾಗಿದ್ದರೆ ಸಭೆಯ ಹಿರಿಯರನ್ನು ಕರೆಸಲಿ ಎಂದು ಅಲ್ಲಿ ಹೇಳಿದೆ. ಕರೆಸಬೇಕಾದವನು ರೋಗಿಯೇ, ಎಚ್ಚರವಿರುವಾಗಲೇ. ಪ್ರಜ್ಞೆ ತಪ್ಪಿದ ಮೇಲೆ ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚಿದರೆ ಸಂಸ್ಕಾರ ಸಿಂಧುವಾಗುತ್ತದೆ ನಿಜ, ಆದರೆ ಆ ಮನುಷ್ಯ ತನ್ನ ಅಂಗೈಯನ್ನು ತಾನೇ ಚಾಚುವ ಗಳಿಗೆ ತಪ್ಪಿಹೋಗಿರುತ್ತದೆ. ಎಷ್ಟೋ ಮನೆಗಳಲ್ಲಿ ನನ್ನನ್ನು ತಡವಾಗಿ ಕರೆಸಿದ್ದಾರೆ, ಅದರ ದುಃಖ ನನಗೆ ಗೊತ್ತು.

ಅಮ್ಮನಿಗೆ ಇನ್ನೂ ಅಳುಕಿದ್ದರೆ ಒಂದು ದಾರಿಯಿದೆ. ಮೊದಲ ಸಲ ಗುರುಗಳು ಎಣ್ಣೆಯಿಲ್ಲದೆ, ಬರಿ ಮಾತನಾಡಿಸಿಕೊಂಡು ಹೋಗಲು ಬರಲಿ. ಹಳೆಯ ಗುರ್ಕಾರರ ಮನೆಗೆ ವಿಗಾರರು, ಅಂದರೆ ಧರ್ಮಕೇಂದ್ರದ ಗುರುಗಳು, ಬರುವುದು ಹೊಸದೇನಲ್ಲ. ಒಂದು ಲೋಟ ಕಾಫಿ ಕುಡಿದು, ವಾರ್ಡಿನ ಸುದ್ದಿ ಮಾತನಾಡಿ ಹೋಗಲಿ. ಎರಡನೆಯ ಭೇಟಿಯಲ್ಲಿ ನಿಮ್ಮ ತಂದೆಯೇ ಕೇಳುವ ಸಂಭವ ಹೆಚ್ಚು. ಅಣ್ಣನ ಗುಂಪಿನ ಹಿರಿಯರು ಬಂದು ಕೈಯಿಟ್ಟು ಪ್ರಾರ್ಥಿಸುವುದನ್ನೂ ತಂದೆಯವರು ಬಯಸಿದರೆ ಬಿಡಿ, ಆದರೆ ಧ್ವನಿ ತಗ್ಗಿರಲಿ, ಹೊತ್ತು ಚಿಕ್ಕದಿರಲಿ. ಪ್ರೊಟೆಸ್ಟಂಟ್ ಮನೆಗಳಲ್ಲಿ ಸಭಾಪಾಲಕರು ಮಂಚದ ಬಳಿಗೆ ಬಂದು ಪ್ರಭುಭೋಜನ ಕೊಟ್ಟು, ರೋಗಿಗೆ ಪ್ರಿಯವಾದ ಒಂದು ಕೀರ್ತನೆಯನ್ನು ಮೆಲ್ಲಗೆ ಹಾಡುವುದನ್ನು ಕಂಡಿದ್ದೇನೆ; ಅದರ ಶಾಂತಿಯೂ ಕಡಿಮೆಯದಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ‘ನನ್ನ ಮುಂದೆ ಪ್ರಾರ್ಥನೆ ಬೇಡ’ ಎಂಬ ಮಾತನ್ನು ನೀವೆಲ್ಲ ನಂಬಿಕೆ ಕಳೆದುಕೊಂಡದ್ದರ ಗುರುತೆಂದು ತಿಳಿದು ಗಾಬರಿಯಾಗಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ದೇವರ ಮೇಲೆ ಮುನಿಸಿಕೊಳ್ಳುವವನು ದೇವರನ್ನು ಬಿಟ್ಟವನಲ್ಲ. ಬಿಟ್ಟವನಿಗೆ ಮುನಿಸೇ ಇರುವುದಿಲ್ಲ. ಕೀರ್ತನೆಗಳ ಗ್ರಂಥದಲ್ಲಿ 88ನೆಯ ಕೀರ್ತನೆ ಎಂಬುದೊಂದಿದೆ. ಬೇರೆ ಶೋಕಗೀತೆಗಳು ಕೊನೆಯಲ್ಲಿ ಸ್ತುತಿಯ ಕಡೆ ತಿರುಗಿದರೆ ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಧರ್ಮಸಭೆಯು ಅದನ್ನು ಪ್ರಾರ್ಥನೆಯೆಂದೇ ಇಟ್ಟುಕೊಂಡಿದೆ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಲ್ಲಿ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು, ದೇವರೇ ಏಕೆ ನನ್ನನ್ನು ಕೈಬಿಟ್ಟೆ ಎಂಬ ಕೂಗು. ಪವಿತ್ರ ಗ್ರಂಥದಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಕಥೆಯಂತೂ ರೋಗಿಯ ಬಳಿ ಕೂರುವ ನಮ್ಮಂಥವರಿಗಾಗಿಯೇ ಬರೆದಂತಿದೆ. ಅವನ ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನೊಂದಿಗೆ ಕುಳಿತರು. ಅದು ಅವರು ಮಾಡಿದ ಒಳ್ಳೆಯ ಕೆಲಸ. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಾದಿಸಲು ಹೊರಟರು, ನೀನು ಪಾಪ ಮಾಡಿರಲೇಬೇಕು ಎಂದರು. ಕೊನೆಗೆ ದೇವರು ಸಿಟ್ಟಾದದ್ದು ಆ ವಾದಿಸಿದವರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ನನ್ನ ದಾಸ ಯೋಬನೇ, ನೀವಲ್ಲ ಎಂದನು.

ಗುರುಪಟ್ಟವಾದ ಹೊಸತರಲ್ಲಿ ನಾನೇ ಆ ಗೆಳೆಯರ ತಪ್ಪನ್ನು ಮಾಡಿದ್ದೇನೆ. ಎರಡು ಪುಟ್ಟ ಮಕ್ಕಳ ತಾಯಿಯೊಬ್ಬರು, ನನಗೇಕೆ ಹೀಗಾಯಿತು ಫಾದರ್, ಎಂದು ಕೇಳಿದಾಗ, ನೋವನ್ನು ಕ್ರಿಸ್ತನ ನೋವಿನೊಂದಿಗೆ ಸೇರಿಸಿ ಅರ್ಪಿಸುವುದರ ಬಗ್ಗೆ ಸೆಮಿನರಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಕೆ ಉತ್ತರ ಕೇಳಿರಲಿಲ್ಲ, ಅಷ್ಟೇ. ನನ್ನ ಮಾತು ಮುಗಿದ ಮೇಲೆ ಮಕ್ಕಳನ್ನು ಹೊರಗೆ ಕಳುಹಿಸಿ ಎಂದು ಮಾತ್ರ ಹೇಳಿ, ಮುಸುಕೆಳೆದುಕೊಂಡರು. ಆ ದಿನದ ನೆನಪು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇಂದಿನ ಹಾಸ್ಪಿಸ್ ವ್ಯವಸ್ಥೆಗೆ ತಳಹದಿ ಹಾಕಿದ ಸಿಸಿಲಿ ಸಾಂಡರ್ಸ್ ಅವರ ಬದುಕಿನಲ್ಲೊಂದು ಘಟನೆಯಿದೆ. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಾಯುತ್ತಿದ್ದ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತನನ್ನು ಅವರು ನೋಡಿಕೊಳ್ಳುತ್ತಿದ್ದರು. ಸಮಾಧಾನದ ಮಾತು ಏನಾದರೂ ಹೇಳಿ ಎಂದು ಆತ ಕೇಳಿದಾಗ ಅವರು ಬಾಯಿಪಾಠವಿದ್ದ 23ನೆಯ ಕೀರ್ತನೆಯನ್ನು ಹೇಳಿದರು. ಇನ್ನಷ್ಟು ಓದಿ ಹೇಳಲೇ ಎಂದಾಗ ಆತ ಬೇಡವೆಂದು, ನಿಮ್ಮ ಮನಸ್ಸಿನಲ್ಲಿ, ಹೃದಯದಲ್ಲಿ ಇರುವುದಷ್ಟೇ ನನಗೆ ಸಾಕು ಎಂದನು. ಅವನು ಬಿಟ್ಟುಹೋದ 500 ಪೌಂಡುಗಳು ಮುಂದೆ 1967ರಲ್ಲಿ ತೆರೆದ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್‌ಗೆ ಬೀಜವಾದವು. ಸಾಂಡರ್ಸ್ ದೃಢವಾದ ಕ್ರೈಸ್ತ ವಿಶ್ವಾಸಿ. ಆದರೂ ಆ ರೋಗಿಯಿಂದ ಅವರು ಕಲಿತದ್ದು ಬಾಯಿಪಾಠದ ಮಾತಿಗಿಂತ ಬಳಿಯಲ್ಲಿರುವ ಮನುಷ್ಯ ಮುಖ್ಯ ಎಂಬುದನ್ನು. ದೇಹದ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಆತ್ಮದ ನೋವು ಬೇರೆಬೇರೆ ಕಟ್ಟಿಟ್ಟ ಗಂಟುಗಳಲ್ಲ, ಒಂದರೊಳಗೊಂದು ಹೆಣೆದುಕೊಂಡ ಒಂದೇ ಸಮಗ್ರ ನೋವು ಎಂದು ಅವರು ಮುಂದೆ ವೈದ್ಯಲೋಕಕ್ಕೆ ಕಲಿಸಿದರು.

ಆದ್ದರಿಂದ ತಂದೆಯವರ ಮಾತನ್ನು ಗೌರವಿಸಿ. ಸಂಜೆಯ ಜಪಸರವನ್ನು ಅವರ ಕೋಣೆಯಿಂದ ಪಡಸಾಲೆಗೆ ತನ್ನಿ. ಬಾಗಿಲನ್ನು ಹಾಕಬೇಕೇ, ತೆರೆದಿಡಬೇಕೇ ಎಂಬುದನ್ನು ಅವರನ್ನೇ ಕೇಳಿ, ಅವರು ಹೇಳಿದಂತೆ ಮಾಡಿ. ಅವರಿಗೀಗ ಎದ್ದು ಕೂರುವುದೂ ತಮ್ಮ ಕೈಯಲ್ಲಿಲ್ಲ. ಬಾಗಿಲಿನ ವಿಷಯವಾದರೂ ಅವರ ಕೈಯಲ್ಲಿರಲಿ.

ಶಿಕ್ಷೆಯ ಮಾತಿಗೆ ನೀವು ವಾದ ಹೂಡಬೇಡಿ. ಹುಟ್ಟುಕುರುಡನನ್ನು ತೋರಿಸಿ, ಇದು ಯಾರ ಪಾಪದಿಂದ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನನ್ನು ಹೆತ್ತವರದೂ ಅಲ್ಲ ಎಂದು ಯೇಸುಸ್ವಾಮಿ ಹೇಳಿದ್ದು ಯೊವಾನ್ನನ ಶುಭಸಂದೇಶದಲ್ಲಿದೆ. ಅದು ನಿಮ್ಮ ತಂದೆಗೆ ಗೊತ್ತಿಲ್ಲದ ಮಾತಲ್ಲ, ಎಷ್ಟೋ ಜನರಿಗೆ ಅವರೇ ಹೇಳಿರುತ್ತಾರೆ. ಯಾವುದಕ್ಕೆ ಶಿಕ್ಷೆ ಎಂದು ಅವರು ಭಾವಿಸಿದ್ದಾರೆ ಎಂಬುದನ್ನು ಕೇಳುವವರು ಬೇಕು. ಪತ್ರದ ಕೊನೆಯಲ್ಲಿ ಚಿಕ್ಕಪ್ಪನ ವಿಷಯವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ಅದನ್ನು ಬರೆಯಲೇಬೇಕೆಂದು ನಿಮಗೆ ಅನ್ನಿಸಿತಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿಯೇ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನ ಮಾಡಿಕೊಂಡು ಬಾ ಎಂಬ ವಾಕ್ಯವನ್ನು ಪೂಜೆಯಲ್ಲಿ ಕೇಳುತ್ತಲೇ ಹತ್ತೊಂಬತ್ತು ವರ್ಷ ಕಳೆದ ಮನುಷ್ಯನ ಮನಸ್ಸಿನಲ್ಲಿ ಏನಿರಬಹುದು? ನನ್ನ ಊಹೆ ತಪ್ಪಿರಬಹುದು. ಅವರ ಮನಸ್ಸಿನ ಗಂಟು ಬೇರೆಲ್ಲೋ ಇರಬಹುದು. ಆದರೆ ಕೇಳದೆ ಬಿಡಬೇಡಿ.

ಚಿಕ್ಕಪ್ಪನನ್ನು ತಟ್ಟನೆ ಮಂಚದ ಮುಂದೆ ತಂದು ನಿಲ್ಲಿಸುವ ಕೆಲಸವನ್ನಂತೂ ಮಾಡಬೇಡಿ. ಊರವರ ಎದುರು ಬಲವಂತವಾಗಿ ಕೈಕುಲುಕಿಸಿದ ರಾಜಿಗಳು ಇಬ್ಬರಿಗೂ ಅವಮಾನವಾಗುವುದನ್ನು ಕಂಡಿದ್ದೇನೆ. ‘ಅಪ್ಪಾ, ಚಿಕ್ಕಪ್ಪನಿಗೆ ಹೇಳಿ ಕಳುಹಿಸಲೇ?’ ಎಂದು ಮೊದಲು ತಂದೆಯನ್ನು ಕೇಳಿ. ಒಪ್ಪಿದರೆ ಚಿಕ್ಕಪ್ಪನ ಮನೆಗೆ ನೀವೇ ಹೋಗಿ, ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅವರು ಬಾರದಿದ್ದರೂ ತಂದೆಯವರು ತಮ್ಮ ಕಡೆಯಿಂದ ಕ್ಷಮಿಸಬಹುದು, ಕ್ಷಮೆ ಬೇಡಬಹುದು, ನಾಲ್ಕು ಸಾಲು ಬರೆಸಬಹುದು. ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಇನ್ನೊಂದು ಎಚ್ಚರಿಕೆ: ಆ ಭೇಟಿಯ ದಿನ ಹಿಸ್ಸೆಯ ಕಾಗದಗಳು ಆ ಕೋಣೆಯೊಳಗೆ ಕಾಣಿಸಿಕೊಳ್ಳಬಾರದು. ದಾಖಲೆಗೆ ಸಂಬಂಧಿಸಿ ಏನಾದರೂ ಆಗಬೇಕಿದ್ದರೆ ಅದಕ್ಕೆ ಬೇರೆ ದಿನ, ಬೇರೆ ಜನ ಇರಲಿ. ಕ್ಷಮೆಯ ಜೊತೆಗೆ ಸಹಿ ಕೇಳಿದರೆ ಕ್ಷಮೆಯೂ ವ್ಯವಹಾರವಾಗಿಬಿಡುತ್ತದೆ.

ಮಾರ್ಫಿನ್ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರವಾದರೆ ಅಣ್ಣ ಮನ್ನಿಸಲಿ. ನೋವು ತಡೆಯಲಾರದೆ ಹಲ್ಲು ಕಚ್ಚಿಕೊಂಡಿರುವವನು ಪ್ರಾರ್ಥಿಸಲಾರ, ಪಾಪನಿವೇದನೆಗೆ ಮನಸ್ಸನ್ನು ಹೊಂದಿಸಲಾರ, ತಮ್ಮನ ಮುಖ ನೋಡಿ ಮಾತನಾಡಲಾರ. ಸಾಂಡರ್ಸ್ ಅವರು 1958ರಿಂದ ಲಂಡನ್ನಿನ ಸೇಂಟ್ ಜೋಸೆಫ್ಸ್ ಹಾಸ್ಪಿಸ್‌ನಲ್ಲಿ, ಕಥೋಲಿಕ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಆ ಮನೆಯಲ್ಲಿಯೇ, ನೋವು ಮರುಕಳಿಸುವ ತನಕ ಕಾಯದೆ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವ ಕ್ರಮವನ್ನು ರೂಢಿಸಿ ತೋರಿಸಿದರು. ರೋಗಿಗಳು ಮಂಕಾಗುವುದಕ್ಕೆ ಬದಲು ಎಚ್ಚೆತ್ತು ಮಾತನಾಡತೊಡಗಿದರು. ಆರಂಭದ ಕೆಲವು ದಿನ ತೂಕಡಿಕೆ, ಓಕರಿಕೆ ಇರಬಹುದು, ಸಾಮಾನ್ಯವಾಗಿ ಅವು ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗಾಗಿ ಕೊಡುವ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾನೂನಿನ ಬಿಗಿಯಿಂದಾಗಿ ಇದು ರೋಗಿಗಳಿಗೆ ಸಿಗುವುದೇ ದುರ್ಲಭವಾಗಿತ್ತು. 2014ರ ತಿದ್ದುಪಡಿಯ ನಂತರ ನಿಯಮಗಳು ಸರಳವಾದವು. ಎಷ್ಟೋ ಜನ ವರ್ಷಗಟ್ಟಲೆ ಹೋರಾಡಿ ಮನೆಬಾಗಿಲಿಗೆ ತಂದ ಔಷಧಿಯನ್ನು ಅಲಮಾರಿನಲ್ಲಿ ಬೀಗ ಹಾಕಿಡುವುದು ನ್ಯಾಯವಲ್ಲ.

ಧರ್ಮಸಭೆಯ ನಿಲುವೂ ಇಲ್ಲಿ ಸ್ಪಷ್ಟವಾಗಿದೆ. ಹನ್ನೆರಡನೆಯ ಪಯಸ್ ಪೋಪರು 1957ರಲ್ಲೇ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಾ, ನೋವು ಶಮನಮಾಡುವ ಔಷಧಿ ತೆಗೆದುಕೊಳ್ಳುವುದಕ್ಕೆ ವಿಶ್ವಾಸಿಗೆ ಅಡ್ಡಿಯಿಲ್ಲ, ಸಾವನ್ನು ಉದ್ದೇಶಿಸದಿದ್ದರೆ ಸಾಕು ಎಂದು ವಿವರಿಸಿದ್ದಾರೆ. ಇಂದಿನ ಧರ್ಮೋಪದೇಶವೂ ಅದನ್ನೇ ಹೇಳುತ್ತದೆ. ಯೇಸುಸ್ವಾಮಿ ಶಿಲುಬೆಗೇರುವ ಮುನ್ನ ನೋವು ಮಂಕಾಗಲೆಂದು ಕೊಟ್ಟ, ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕುಡಿಯಲಿಲ್ಲವಲ್ಲ ಎಂದು ಅಣ್ಣ ಕೇಳಬಹುದು. ನಿಜ, ಅವರು ತಾವಾಗಿ ನಿರಾಕರಿಸಿದರು. ನಿಮ್ಮ ತಂದೆಯವರು ಸ್ಪಷ್ಟ ಮನಸ್ಸಿನಿಂದ, ಇವತ್ತು ಇಷ್ಟು ನೋವನ್ನು ನಾನು ಅರ್ಪಿಸುತ್ತೇನೆ ಎಂದರೆ ನಾನು ತಲೆಬಾಗುತ್ತೇನೆ. ತಂದೆಯ ನೋವನ್ನು ತಂದೆಯ ಪರವಾಗಿ ಅರ್ಪಿಸುವ ಹಕ್ಕು ಮಗನಿಗಿಲ್ಲ.

ನರ್ಸ್ ವಿಷಯದಲ್ಲಿ ನಿಮಗಿರುವ ಸಂಕೋಚ ಬೇಡ. ತಂದೆಯವರು ಅವರ ಹತ್ತಿರ ಮಾತನಾಡುತ್ತಾರೆಂದರೆ ದೇವರಿಗೆ ಕೃತಜ್ಞರಾಗಿರೋಣ. ಅವರ ಮುಂದೆ ಗುರ್ಕಾರರ ಗಾಂಭೀರ್ಯವನ್ನು ಉಳಿಸಿಕೊಳ್ಳಬೇಕಾಗಿಲ್ಲ, ಬಹುಶಃ ಅದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಲ್ಲಿಯೇ ಉಪಶಮನ ಆರೈಕೆಯೆಂದರೆ ದೈಹಿಕ, ಮಾನಸಿಕ ನೋವುಗಳ ಜೊತೆಗೆ ಆತ್ಮಿಕ ನೋವಿನ ಆರೈಕೆಯೂ ಸೇರಿದೆ. ನಿಮಗೆ ಬಲ ಕೊಡುವುದು ಯಾವುದು, ನಿಮ್ಮ ಸಮುದಾಯದ ಯಾರನ್ನಾದರೂ ನೋಡಬೇಕೆನಿಸುತ್ತದೆಯೇ ಎಂದು ಕೇಳಲು ಒಂದೇ ಧರ್ಮದವರಾಗಿರಬೇಕಿಲ್ಲ. ಮಂಚದ ಬಳಿ ಯಾರೂ ಯಾರ ಧರ್ಮವನ್ನೂ ಬದಲಿಸಲು ಹೋಗಬಾರದು. ಅದು ನಮಗೂ ಸೇರಿ ಎಲ್ಲರಿಗೂ ಅನ್ವಯಿಸುವ ಕಟ್ಟುನಿಟ್ಟಿನ ನಿಯಮ. ಕ್ರೈಸ್ತರು ನಡೆಸುವ ಆರೈಕೆ ಮನೆಯಲ್ಲಿ ಹಿಂದೂ ತಾಯಿಯೊಬ್ಬರು ಕೊನೆಗಳಿಗೆಯಲ್ಲಿ ತುಳಸಿ ನೀರು ಬಯಸಿದರೆ ಅದನ್ನು ತಂದುಕೊಡುವುದೇ ನಮ್ಮ ಸಾಕ್ಷ್ಯ.

ಹಾಸ್ಪಿಸ್‌ಗೆ ಸೇರಿಸುವುದು ತಂದೆಯನ್ನು ಕೈಬಿಟ್ಟಂತೆ ಎಂದು ಅಮ್ಮ ಭಾವಿಸಬಾರದು. ಆ ಹೆಸರಿನ ಲ್ಯಾಟಿನ್ ಮೂಲದಲ್ಲಿ ಅತಿಥಿಯ ಅರ್ಥವಿದೆ. ಯಾತ್ರಿಕರು ತಂಗುತ್ತಿದ್ದ ಛತ್ರಗಳಿಗೆ ಆ ಹೆಸರಿತ್ತು. ಬೆಂಗಳೂರಿನಲ್ಲಿ 1999ರಿಂದ ಇರುವ ಕರುಣಾಶ್ರಯ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಆದರೂ ನೋವು ಹತೋಟಿಯಲ್ಲಿದ್ದು, ರಾತ್ರಿ ಎಚ್ಚರವಿರಲು ಇಬ್ಬರಿದ್ದರೆ, ತಂದೆಯವರು ತಮ್ಮ ತೋಟದ ಮಳೆಯ ಸದ್ದನ್ನು ಕೇಳುತ್ತಾ ಮಲಗಿರುವುದೇ ಒಳ್ಳೆಯದೆಂದು ನನಗನ್ನಿಸುತ್ತದೆ.

ಮಳೆಯ ಮಾತು ಬಂತು, ಅದನ್ನು ಹಗುರವಾಗಿ ಎಣಿಸಬೇಡಿ. ಪುನರ್ವಸು ಮಳೆ ಹಿಡಿಯಿತೆಂದರೆ ನಿಮ್ಮ ಕಡೆ ಮರ ಬಿದ್ದು ದಾರಿ ಕಟ್ಟುತ್ತದೆ, ಕರೆಂಟು ಹೋಗುತ್ತದೆ, ಫೋನು ಸಿಗುವುದಿಲ್ಲ. ಕೊನೆಯ ಗಳಿಗೆಯಲ್ಲಿ ಗುರುಗಳು ಬಂದೇ ಬರುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ. ಔಷಧಿಯೂ ವಾರಕ್ಕಾಗುವಷ್ಟು ಮೊದಲೇ ಮನೆಯಲ್ಲಿರಲಿ. ಗುರುಗಳು ತಲುಪದ ರಾತ್ರಿಯೇ ಆ ಹೊತ್ತು ಬಂದರೆ ಗಾಬರಿಯಾಗಬೇಡಿ. ಕಿವಿಯ ಬಳಿ ಬಾಗಿ, ತಂದೆಯವರಿಗೆ ಬಾಲ್ಯದಿಂದ ಬಾಯಿಗೆ ಹತ್ತಿದ ಭಾಷೆಯಲ್ಲಿ, ಕೊಂಕಣಿಯೋ ಕನ್ನಡವೋ, ಪಶ್ಚಾತ್ತಾಪದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಯೇಸುವಿನ ಹೆಸರನ್ನು ಅವರ ಉಸಿರಿನ ಲಯಕ್ಕೆ ಹೊಂದಿಸಿ ಹೇಳಿದರೂ ಸಾಕು. ಹಾಸ್ಪಿಸ್ ರೋಗಿಗಳನ್ನು ಪರೀಕ್ಷಿಸಿದ ಕೆನಡಾದ ಸಂಶೋಧಕರು, ಸ್ಪಂದನೆ ನಿಂತ ಮೇಲೂ ಕೆಲವರ ಮಿದುಳು ಶಬ್ದಕ್ಕೆ ಪ್ರತಿಕ್ರಿಯಿಸುತ್ತಿರುವುದನ್ನು 2020ರಲ್ಲಿ ಪ್ರಕಟಿಸಿದ್ದಾರೆ. ಹಾಗಾಗಿ ಆ ಕೋಣೆಯಲ್ಲಿ ಖರ್ಚಿನ ಮಾತಾಗಲಿ ಪೆಟ್ಟಿಗೆ ತರಿಸುವ ಮಾತಾಗಲಿ ಬೇಡ. ತುಟಿಯನ್ನು ಒದ್ದೆ ಹತ್ತಿಯಿಂದ ಒರೆಸುತ್ತಿರಿ. ಬಲವಂತವಾಗಿ ಗಂಜಿ ಹಾಕಬೇಡಿ, ಅವರು ಹಸಿವಿನಿಂದ ಸಾಯುತ್ತಿಲ್ಲ. ದೇಹಕ್ಕೆ ಅನ್ನ ಬೇಡವಾಗಿದೆ. ಪ್ರಾರ್ಥನೆ ಬೇಡವೆಂದೇ ಹೋಗಿಬಿಟ್ಟರೆ ಎಂಬ ಭಯ ಅಮ್ಮನಿಗಿದ್ದರೆ, ಹೇಗೆ ಬೇಡಬೇಕೆಂದು ನಮಗೆ ತಿಳಿಯದಾಗ ಪವಿತ್ರಾತ್ಮರೇ ಮಾತಿಗೆ ನಿಲುಕದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾರೆ ಎಂದು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಹೇಳುತ್ತದೆಂದು ತಿಳಿಸಿ. ಎಪ್ಪತ್ತು ವರ್ಷ ಅವರು ಮಾಡಿದ ಜಪವೂ ಎಲ್ಲಿಗೂ ಹೋಗಿಲ್ಲ.

ಈ ವಾರವೇ ನಿಮ್ಮ ವಿಗಾರರಿಗೆ ಫೋನ್ ಮಾಡಿ. ತಂದೆಯವರಿಗೆ ಎಚ್ಚರವಿದೆ, ಮನಸ್ಸಿನಲ್ಲಿ ಮುನಿಸಿದೆ, ಮೊದಲ ಸಲ ಸುಮ್ಮನೆ ಮಾತನಾಡಿಸಲು ಬನ್ನಿ ಎಂದು ಹೇಳಿ. ಅನ್ನನಾಳದ ಕಾಯಿಲೆಯಿಂದ ನುಂಗಲು ಕಷ್ಟವಿದೆ ಎಂಬುದನ್ನು ಮರೆಯದೆ ತಿಳಿಸಿ. ಪರಮಪ್ರಸಾದ ಕೊಡುವ ದಿನ ಬಂದರೆ ರೊಟ್ಟಿಯ ಅತಿ ಚಿಕ್ಕ ತುಣುಕನ್ನು ಕೊಡಬಹುದು, ಅದೂ ಇಳಿಯದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು ಧರ್ಮಸಭೆಯ ನಿಯಮ ಅವಕಾಶ ಕೊಟ್ಟಿದೆ. ಅದಕ್ಕೆ ಗುರುಗಳು ಮೊದಲೇ ಸಿದ್ಧಮಾಡಿಕೊಂಡು ಬರಬೇಕಾಗುತ್ತದೆ. ಒಂದು ಹನಿ ಸಾಕು.